‘ದ್ವೀಪ’: ಪರಿಹಾರದ ಪಟ್ಟಿಗೆ ಸೇರದವು

ಮುಳುಗಡೆಯ ಬದುಕನ್ನು ಕನ್ನಡ ಕಥನಕ್ಕೆ ತಂದವರಲ್ಲಿ ನಾ. ಡಿಸೋಜ (1937–2025) ಅಗ್ರಗಣ್ಯರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕನ್ನಿತ್ತಿತು. ಶರಾವತಿ ಕಣಿವೆಯವರಿಂದ ಗದ್ದೆ, ತೋಟ, ಕಾಡುಗಳನ್ನು ಕಿತ್ತುಕೊಂಡಿತು. ‘ದ್ವೀಪ’ ಕಾದಂಬರಿ ಹುಟ್ಟಿದ್ದು ಆ ನೋವಿನಿಂದ. ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಅದೇ ಹೆಸರಿನ ಚಿತ್ರ ಸ್ವರ್ಣಕಮಲ ಪಡೆಯಿತು. ಆ ಚಿತ್ರವನ್ನು ರಾಯಕೋಟೆಯ ನೆಲದಲ್ಲಿ ನಿಂತು ನಾವಿಲ್ಲಿ ನೋಡಬಯಸುತ್ತೇವೆ.

ಕನ್ನಡದಲ್ಲಿ ‘ಪರಿಹಾರ’ವೆಂದರೆ ಕಷ್ಟದ ನಿವಾರಣೆಯೂ ಹೌದು, ನಷ್ಟಕ್ಕೆ ಕೊಡುವ ಹಣವೂ ಹೌದು. ಎರಡನೆಯದು ಮೊದಲನೆಯದಾಗದು ಎಂಬುದೇ ಚಿತ್ರದ ತಿರುಳು. ಸೀತಾಪರ್ವತದ ಅರ್ಚಕ ದುಗ್ಗಜ್ಜನಿಗೆ ಹಣದಿಂದ ಮನೆ ದೊರಕೀತು, ಮನ್ನಣೆ ದೊರಕದು. ಆದರೆ ಚಿತ್ರದ ನಿಜವಾದ ಇರಿತವಿರುವುದು ಕೊನೆಯಲ್ಲಿ. ನೀರೇರುವ ರಾತ್ರಿ ಮನೆಯನ್ನು ಕಾಯ್ದವಳು ಸೊಸೆ ನಾಗಿ. ಗಂಡ ಗಣಪ ಅದನ್ನು ದೈವದ ಕೃಪೆಯೆನ್ನುತ್ತಾನೆ. ಸರ್ಕಾರದ ಪಟ್ಟಿಯಲ್ಲಿ ಲೆಕ್ಕಕ್ಕೆ ಬಾರದ ಹೆಣ್ಣಿನ ದುಡಿಮೆ ಮನೆಯ ಲೆಕ್ಕಕ್ಕೂ ಬಾರದು.

ನಮ್ಮದೊಂದು ಆಕ್ಷೇಪವೂ ಉಂಟು. ಕ್ಯಾಮೆರಾ ದ್ವೀಪದಲ್ಲಿ ಉಳಿದವರ ಬಳಿಯೇ ನಿಲ್ಲುತ್ತದೆ. ಊರು ಬಿಟ್ಟು ಹೋದವರ ಒಲೆಯ ಮೇಲೆ ಮುಂದೆ ಏನು ಬೆಂದಿತೆಂಬುದು ತಿಳಿಯದು. ಪಹಣಿಯಿಲ್ಲದ ಕೂಲಿಕಾರರನ್ನೂ ಕಾಡಿನ ಉತ್ಪನ್ನ ಆಯ್ದು ಬದುಕುವವರನ್ನೂ ಬಾಧಿತ ಕುಟುಂಬಗಳೆಂದು ಕಾಯಿದೆ ಗುರುತಿಸಿದ್ದು 2013ರಲ್ಲಿ. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಬೇಡಿಕೆಯಾದರೋ ದಶಕಗಳು ಕಳೆದರೂ ಮುಗಿದಿಲ್ಲ.

ನಮ್ಮ ಸೀಮೆಯಲ್ಲಿ ಹೊಲವನ್ನು ನುಂಗುತ್ತಿರುವುದು ನೀರಲ್ಲ; ಹೊಸೂರಿನಿಂದ ಹಬ್ಬುತ್ತಿರುವ ಕಾರ್ಖಾನೆ, ಬಡಾವಣೆಗಳು. ಹೊಲ ಮಾರಿದ ಮನೆಯಲ್ಲಿಯೂ ಮುದ್ದೆ ಬೇಯುತ್ತದೆ, ಅಂಗಡಿಯ ಹಿಟ್ಟಿನಿಂದ. ಆದರೆ ರಾಗಿಯ ಸಾಲುಗಳ ನಡುವೆ ಅವರೆ ಬಿತ್ತುವ ಕ್ರಮ, ಬದುವಿನ ಬೆರಕೆ ಸೊಪ್ಪಿನಲ್ಲಿ ಯಾವುದು ಸಾರಿಗೆ, ಯಾವುದು ಪಲ್ಯಕ್ಕೆ ಎಂಬ ತಿಳಿವು, ಮುಂದಿನ ಮಳೆಗೆಂದು ತೆನೆ ಆರಿಸಿಡುವ ಅಜ್ಜಿಯ ಕಣ್ಣು, ಇವು ಯಾವ ಕ್ರಯಪತ್ರದಲ್ಲಿಯೂ ಇಲ್ಲ. ಹೊಲ ಹೋದ ಮೇಲೆ ಒಂದು ತಲೆಮಾರಿನೊಳಗೆ ಇವೂ ಹೋಗುತ್ತವೆ.

ಶರಾವತಿಗೆ ಡಿಸೋಜರಿದ್ದರು. ಈ ಗಡಿಸೀಮೆಯ ಹೊಲಗಳ ಕಥೆಯನ್ನು ಬರೆಯಬೇಕಾದವರು ನಾವೇ. ನಮ್ಮ ನಮ್ಮ ಮನೆಯ ನಾಗಿಯರನ್ನು ಕೇಳಿ, ಅವರ ಹೆಸರಿನಲ್ಲಿಯೇ ಬರೆಯೋಣ.