ಉತ್ತಮ ಪುರುಷದ ಹೊಣೆ: ಬ್ರದಾ ಲಿಂಚ್ ಹಂಗ್ ಅವರ ಭಯಾನಕ ರ‍್ಯಾಪ್‌ನಲ್ಲಿ ಕಾಗುಣಿತ, ಸಮಾಸ ಮತ್ತು ‘ನಾನು’

1. ಸಮಸ್ಯೆ

ರ‍್ಯಾಪ್ ಹಾಡಿನಲ್ಲಿ ‘ನಾನು ಕೊಂದೆ’ ಎಂಬರ್ಥದ ವಾಕ್ಯ ಬಂದಾಗ ಆ ‘ನಾನು’ ಯಾರನ್ನು ನಿರ್ದೇಶಿಸುತ್ತದೆ? ಅಮೆರಿಕದಲ್ಲಿ ಇದು ಕೇವಲ ಕಾವ್ಯಮೀಮಾಂಸೆಯ ಪ್ರಶ್ನೆಯಲ್ಲ. ಅಲ್ಲಿನ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹಾಡಿನ ಸಾಲುಗಳನ್ನು ಹಾಡುಗಾರನ ತಪ್ಪೊಪ್ಪಿಗೆಯೋ ಎಂಬಂತೆ ಸಾಕ್ಷ್ಯವಾಗಿ ಹಾಜರುಪಡಿಸಿರುವ ಉದಾಹರಣೆಗಳುಂಟು. ಈ ಹಿನ್ನೆಲೆಯಲ್ಲಿ ನಾವು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದ ರ‍್ಯಾಪರ್ ಬ್ರದಾ ಲಿಂಚ್ ಹಂಗ್ (ನಿಜನಾಮ ಕೆವಿನ್ ಮ್ಯಾನ್) ಅವರ 1993ರಿಂದ 2013ರವರೆಗಿನ ಕೃತಿಗಳನ್ನು ಪರಿಶೀಲಿಸುತ್ತೇವೆ. ಕೊಲೆ, ನರಭಕ್ಷಣೆ, ಉನ್ಮಾದಗಳನ್ನು ವಸ್ತುವಾಗಿಸಿಕೊಂಡ ‘ಹಾರರ್‌ಕೋರ್’ ಪ್ರಭೇದದಲ್ಲಿ ಅವರ ಹೆಸರು ಡೆಟ್ರಾಯಿಟ್‌ನ ಈಶಮ್ ಅವರ ಹೆಸರಿನ ಜೊತೆಗೆ ಬರುತ್ತದೆ.

ಅರ್ವಿಂಗ್ ಗಾಫ್‌ಮನ್ 1979ರ ‘ಫುಟಿಂಗ್’ ಪ್ರಬಂಧದಲ್ಲಿ ಮಾತನಾಡುವವನ ಪಾತ್ರವನ್ನು ಮೂರಾಗಿ ವಿಂಗಡಿಸಿದರು: ಮಾತನ್ನು ಉಚ್ಚರಿಸುವವನು, ಅದನ್ನು ರಚಿಸಿದವನು, ಅದರ ನಿಲುವಿಗೆ ಹೊಣೆಯಾಗುವವನು. ಮೊದಲ ಎರಡು ಪಾತ್ರಗಳು ಒಬ್ಬನೇ ಗಾಯಕನಲ್ಲಿ ಸೇರಿರುವುದರಿಂದ ಮೂರನೆಯದೂ ಅವನೇ ಎಂದು ಭಾವಿಸುವುದು ಸುಲಭ. ಕನ್ನಡದ ಕಥನದಲ್ಲಿ ‘ಎಂದು’, ‘ಅಂತೆ’ಗಳಂತಹ ರೂಪಗಳು ಬೇರೊಬ್ಬನ ‘ನಾನು’ವಿಗೆ ಗಡಿ ಹಾಕುತ್ತವೆ. ಇಡೀ ಹಾಡೇ ಪಾತ್ರದ ಮಾತಾದಾಗ ಅಂತಹ ಸೂಚಕಕ್ಕೆ ಯಾವ ಭಾಷೆಯಲ್ಲಿಯೂ ಎಡೆಯಿಲ್ಲ. ಹಾಗಾದರೆ ಗಡಿ ಎಲ್ಲಿ ಮೂಡುತ್ತದೆ? ಲಿಂಚ್ ಹಂಗ್ ಅವರ ಮೊದಲ ಘಟ್ಟದಲ್ಲಿ ಅದು ಭಾಷಿಕ ರೂಪದಲ್ಲಿಯೂ ಕೊನೆಯ ಘಟ್ಟದಲ್ಲಿ ಪಾತ್ರದ ನಾಮಕರಣದಲ್ಲಿಯೂ ಮೂಡುತ್ತದೆ ಎಂಬುದು ನಮ್ಮ ವಾದ. ಎರಡನೆಯದು ಮೊದಲನೆಯದಕ್ಕಿಂತ ಸ್ಪಷ್ಟವೆಂದು ತೋರಿದರೂ ವಾಸ್ತವದಲ್ಲಿ ಹಾಗಿಲ್ಲ.

2. ಹೆಸರು ಮತ್ತು ಕಾಗುಣಿತ

ರಂಗನಾಮದಿಂದಲೇ ಆರಂಭಿಸಬಹುದು. ‘ಬ್ರದಾ’ ಎಂಬುದು ಪದಾಂತ್ಯದ ರೇಫ ಲೋಪವಾದ ಆಫ್ರಿಕನ್-ಅಮೆರಿಕನ್ ಉಚ್ಚಾರಣೆಯ ಬರಹರೂಪ. ‘ಲಿಂಚ್’ ಕಪ್ಪುಜನರನ್ನು ಗುಂಪುಗೂಡಿ ಕೊಂದ ಚರಿತ್ರೆಯನ್ನು ನೆನಪಿಸುತ್ತದೆ. ಮನುಷ್ಯನನ್ನು ನೇಣಿಗೇರಿಸುವ ಅರ್ಥದಲ್ಲಿ ಶಿಷ್ಟ ಇಂಗ್ಲಿಷ್ ‘ಹ್ಯಾಂಗ್ಡ್’ ಎಂಬ ರೂಪವನ್ನು ವಿಧಿಸಿದರೆ ಇಲ್ಲಿ ಆಡುಮಾತಿನ ‘ಹಂಗ್’ ಇದೆ. ಈ ಹೆಸರನ್ನು ಕರ್ಮಣಿ ಕೃದಂತವಾಗಿ ಓದಿದರೆ ಅದರಲ್ಲಿರುವವನು ನೇಣಿಗೇರಿಸಲ್ಪಟ್ಟವನು, ಅಂದರೆ ಕರ್ಮ. ಹಾಡಿನೊಳಗಿನ ‘ನಾನು’ ಹಿಂಸೆಯ ಕರ್ತೃ. ಹೆಸರು ಮತ್ತು ಸರ್ವನಾಮಗಳ ನಡುವಿನ ಈ ವಿರೋಧವೇ ಕೇಳುಗನಿಗೆ ಸಿಗುವ ಮೊದಲ ಸುಳಿವು.

1995ರ ‘ಸೀಸನ್ ಆಫ್ ದ ಸಿಕ್‌ನೆಸ್’ ಸಂಕಲನದ ಶೀರ್ಷಿಕೆಯಲ್ಲಿ ‘ಸಿ’ ಮತ್ತು ‘ಕೆ’ ಅಕ್ಷರಗಳ ಜೋಡಿ ಬರಬೇಕಾದಲ್ಲಿ ‘ಸಿ’ ಅಕ್ಷರವೇ ಇಮ್ಮಡಿಯಾಗಿದೆ. ಕ್ರಿಪ್ ಗುಂಪುಗಳ ಬರವಣಿಗೆಯಲ್ಲಿ ‘ಸಿ–ಕೆ’ ಜೋಡಿಯನ್ನು ‘ಕ್ರಿಪ್‌ಗಳನ್ನು ಕೊಲ್ಲುವವನು’ ಎಂಬುದರ ಸಂಕ್ಷೇಪವೆಂದು ಓದಬಹುದಾದ್ದರಿಂದ ಅದನ್ನು ವರ್ಜಿಸುವ ರೂಢಿಯಿದೆ. ಇದು ಶುದ್ಧ ಲಿಪಿಗತ ನಿಷೇಧ. ಉಚ್ಚಾರಣೆಯಲ್ಲಿ ಯಾವ ಭೇದವೂ ಇಲ್ಲ. ಮುಂದೆ ಅವರು ತಮ್ಮ ಧ್ವನಿಮುದ್ರಣ ಸಂಸ್ಥೆಗೆ ‘ಮೇಡ್‌ಸಿಕ್ ಮ್ಯೂಸಿಕ್’ ಎಂದು ಹೆಸರಿಟ್ಟಾಗ ಎರಡನೆಯ ಪದದಲ್ಲಿಯೂ ‘ಸಿ’ ಇಮ್ಮಡಿಯಾಯಿತು. ಸಂಗೀತಕ್ಕೆ ಇಂಗ್ಲಿಷಿನಲ್ಲಿರುವ ಆ ಪದ ಒಂಟಿ ‘ಸಿ’ಯಿಂದಲೇ ಮುಗಿಯುತ್ತದೆ, ವರ್ಜಿಸಲು ಅಲ್ಲಿ ‘ಕೆ’ ಇರಲೇ ಇಲ್ಲ. ನಿಷೇಧವಾಗಿ ಹುಟ್ಟಿದ ಕಾಗುಣಿತ ಸಾದೃಶ್ಯದ ಬಲದಿಂದ ವಿಸ್ತರಿಸಿ ಕಲಾವಿದನ ಮುದ್ರೆಯಾದುದಕ್ಕೆ ಇದಕ್ಕಿಂತ ನಿಚ್ಚಳ ನಿದರ್ಶನ ಬೇಕಿಲ್ಲ. ಗುಂಪಿನ ಗುರುತು ಶೈಲಿಯ ಗುರುತಾಗಿ ಮಾರ್ಪಟ್ಟಿರುವುದರಿಂದ ಆ ಅಕ್ಷರಗಳನ್ನು ಸದಸ್ಯತ್ವದ ಪುರಾವೆಯೆಂದು ನೇರವಾಗಿ ಓದಲಾಗದು.

ಕನ್ನಡದಲ್ಲಿ ಬರೆಯುವ ನಮಗೆ ಇಲ್ಲೊಂದು ತೊಡಕಿದೆ. ಇದೇ ಸಂಕಲನದ ‘ರೆಸ್ಟ್ ಇನ್ ಪಿಸ್’ ಎಂಬ ಶೀರ್ಷಿಕೆಯ ಶ್ಲೇಷೆ ಕನ್ನಡ ಲಿಪಿಯಲ್ಲಿ ‘ಪೀಸ್’ ಮತ್ತು ‘ಪಿಸ್’ಗಳ ದೀರ್ಘ-ಹ್ರಸ್ವ ಭೇದವಾಗಿ ಸಲೀಸಾಗಿ ಉಳಿಯುತ್ತದೆ. ಆದರೆ ‘ಸಿಕ್‌ನೆಸ್’ನ ಎರಡೂ ಕಾಗುಣಿತಗಳು ನಮ್ಮ ಲಿಪಿಯಲ್ಲಿ ಒಂದೇ ಆಗಿಬಿಡುತ್ತವೆ. ಧ್ವನಿಯನ್ನು ಹಿಡಿಯುವ ಲಿಪ್ಯಂತರವು ಸಾಮಾಜಿಕ ಅರ್ಥವನ್ನು ಕೈಬಿಡುವ ಸಂದರ್ಭವಿದು. ಮುದ್ರಿತ ಹೊದಿಕೆಯನ್ನು ನೋಡದೆ ಹಾಡಿನ ಲಿಪ್ಯಂತರವನ್ನಷ್ಟೇ ಆಧರಿಸುವ ವಿಶ್ಲೇಷಣೆಗೂ ಇದೇ ಮಿತಿ ಅನ್ವಯಿಸುತ್ತದೆ.

3. ಕರ್ತೃವಿಲ್ಲದ ಸಮಾಸ

ತಮ್ಮ ಶೈಲಿಗೆ ಲಿಂಚ್ ಹಂಗ್ ‘ರಿಪ್‌ಗಟ್’ ಎಂಬ ಹೆಸರನ್ನು ಬಳಸಿದ್ದಾರೆ: ‘ಸೀಳು’ ಎಂಬ ಕ್ರಿಯೆ, ‘ಕರುಳು’ ಎಂಬ ಕರ್ಮ. ‘ಕಟ್‌ತ್ರೋಟ್’, ‘ಪಿಕ್‌ಪಾಕೆಟ್’ಗಳ ಸಾಲಿಗೆ ಸೇರುವ ಈ ಮಾದರಿ ಇಂಗ್ಲಿಷಿನಲ್ಲಿ ಹಳೆಯದು, ಹೆಚ್ಚಾಗಿ ದುಷ್ಟರನ್ನೋ ತುಚ್ಛರನ್ನೋ ಹೆಸರಿಸುತ್ತದೆ. ನಮ್ಮ ಕ್ರಿಯಾಸಮಾಸದಲ್ಲಿ (‘ಕೈಮುಗಿ’) ನಾಮ ಮತ್ತು ಕ್ರಿಯೆ ಸೇರಿ ಫಲ ಕ್ರಿಯೆಯಾದರೆ, ಇಲ್ಲಿ ಫಲ ಬಹುವ್ರೀಹಿಯಂತಹ ನಾಮ. ಸೀಳುವವನು ಯಾರೆಂಬುದು ಸಮಾಸದ ಹೊರಗೇ ಉಳಿಯುತ್ತದೆ. ಕೃತಿಯೂ ಹೀಗೆಯೇ ಇದೆ. 1993ರ ‘24 ಡೀಪ್’ ಶೀರ್ಷಿಕೆಯ ಸಂಖ್ಯೆ ನಿಜವಾದ ಬೀದಿಯೊಂದನ್ನು ಸೂಚಿಸುತ್ತದೆ. 1995ರ ಸಂಕಲನದಲ್ಲಿ ಅದೇ ಬೀದಿಯ ಬದುಕಿನ ಪಕ್ಕದಲ್ಲಿ ನರಭಕ್ಷಣೆಯ, ಶಿಶುಹತ್ಯೆಯ ಉತ್ಪ್ರೇಕ್ಷೆಗಳಿವೆ. ಸ್ಥಳವಾಚಿಗಳು ನಿರ್ದಿಷ್ಟವಾದಷ್ಟೂ ಹಿಂಸೆಯ ವಿವರಗಳು ಚಲನಚಿತ್ರದ ಸೂತ್ರಗಳಿಗೆ ಹತ್ತಿರವಾಗುತ್ತವೆ. ಈ ವಿಷಮತೆಯೇ ಗಡಿಯ ಕೆಲಸ ಮಾಡುತ್ತದೆ. ಆ ಹಾಡುಗಳ ಕ್ರೌರ್ಯ, ವಿಶೇಷವಾಗಿ ಹೆಂಗಸರ ಕುರಿತಾದುದು, ಇದರಿಂದ ಸಹ್ಯವಾಗುವುದಿಲ್ಲ. ಆದರೆ ಅಸಹ್ಯವಾದ ಮಾತು ವರದಿಯೂ ಆಗಿರಬೇಕೆಂದಿಲ್ಲ.

4. ಹೆಸರು ಪಡೆದ ಪಾತ್ರ

ಕ್ಯಾನ್ಸಸ್ ಸಿಟಿಯ ಸ್ಟ್ರೇಂಜ್ ಮ್ಯೂಸಿಕ್ ಹೊರತಂದ ‘ಡಿನ್ನರ್ ಆ್ಯಂಡ್ ಅ ಮೂವಿ’ (2010), ‘ಕೋಟ್‌ಹ್ಯಾಂಗಾ ಸ್ಟ್ರ್ಯಾಂಗ್ಲಾ’ (2011), ‘ಮ್ಯಾನಿಬಲೆಕ್ಟರ್’ (2013) ಎಂಬ ತ್ರಿವಳಿಯಲ್ಲಿ ‘ನಾನು’ ಒಬ್ಬ ಸರಣಿ ಕೊಲೆಗಾರನ ಪಾತ್ರಕ್ಕೆ ಸೇರುತ್ತದೆ. ಕಥೆ ಸಂಕಲನದಿಂದ ಸಂಕಲನಕ್ಕೆ ಸಾಗುತ್ತದೆ. ಇದನ್ನು ಕಲಾವಿದನ ಪಕ್ವತೆಯೆಂದು ಗಣಿಸುವುದು ಸಹಜ. ಹೊಣೆಗಾರ ಈಗ ಪಾತ್ರವೇ ಆದುದರಿಂದ ಕೇಳುಗ ನಿಶ್ಚಿಂತ. ಆ ನಿಶ್ಚಿಂತೆಯೇ ಈ ಕೃತಿಗಳ ಕೊರತೆಯೂ ಹೌದೆಂದು ನಮಗನ್ನಿಸುತ್ತದೆ: 1995ರಲ್ಲಿ ಕೇಳುಗನೇ ಮಾಡಬೇಕಿದ್ದ ವಿವೇಚನೆಯನ್ನು ಇಲ್ಲಿ ಕಥಾಸಂವಿಧಾನ ಮಾಡಿಕೊಡುತ್ತದೆ. ಆದರೆ ಮೂರನೆಯ ಶೀರ್ಷಿಕೆಯ ಪದರಚನೆ ಬೇರೆಯದನ್ನೇ ಹೇಳುತ್ತದೆ. ಥಾಮಸ್ ಹ್ಯಾರಿಸ್ ಅವರ ಕಾದಂಬರಿಗಳ ನರಭಕ್ಷಕ ಹ್ಯಾನಿಬಲ್ ಲೆಕ್ಟರ್‌ನ ಹೆಸರಿನಲ್ಲಿ ಆದಿ ವ್ಯಂಜನ ಮಕಾರವಾಗಿದೆ; ನಡುವಣ ಎರಡು ಲಕಾರಗಳು ಒಂದರಲ್ಲಿ ಲೀನವಾಗಿವೆ. ಹೀಗೆ ಸಿದ್ಧವಾದ ಸಂಮಿಶ್ರ ಪದದ ಮೊದಲ ಭಾಗ ‘ಮ್ಯಾನ್’. ಕಾಗುಣಿತದಲ್ಲಿಯೂ ಅದು ಕಲಾವಿದನ ಕುಲನಾಮವೇ. ಮುಖವಾಡಕ್ಕೆ ಹೆಸರಿಟ್ಟ ಕ್ಷಣದಲ್ಲಿಯೇ ಅದರೊಳಗೆ ಸ್ವಂತ ಹೆಸರು ಸೇರಿಕೊಂಡಿತು.

5. ನಿಷ್ಕರ್ಷೆ

ಸ್ಯಾಕ್ರಮೆಂಟೊದಲ್ಲಿಯೇ ಇರುವ ಶಾಸನಸಭೆ 2022ರಲ್ಲಿ ಅಂಗೀಕರಿಸಿ, 2023ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಸೃಜನಶೀಲ ಅಭಿವ್ಯಕ್ತಿಯನ್ನು ಅಕ್ಷರಶಃ ಸತ್ಯವೆಂದು ಸಾಬೀತುಪಡಿಸಲು ಬಳಸಹೊರಟಾಗ ಅದರ ಸಾಕ್ಷ್ಯಮೌಲ್ಯ ಅತ್ಯಲ್ಪವೆಂದು ನ್ಯಾಯಾಲಯ ಪರಿಗಣಿಸಬೇಕು. ಕೃತಿಯು ಅಪರಾಧದ ಕಾಲಕ್ಕೆ ಸಮೀಪವಾಗಿದ್ದರೆ, ಅದರೊಡನೆ ಸಾಕಷ್ಟು ಸಾದೃಶ್ಯ ಹೊಂದಿದ್ದರೆ, ಅಥವಾ ಬೇರೆಡೆ ಸಾರ್ವಜನಿಕವಾಗಿ ಲಭ್ಯವಿಲ್ಲದ ವಾಸ್ತವಿಕ ವಿವರವನ್ನು ಒಳಗೊಂಡಿದ್ದರೆ ಮಾತ್ರ ವಿನಾಯಿತಿ. ಕೊನೆಯ ಎರಡೂ ಭಾಷಿಕ ಮಾನದಂಡಗಳೇ. ಸೂತ್ರಬದ್ಧ ಪ್ರಭೇದದಲ್ಲಿ ಒಂದು ಕೊಲೆಯ ವರ್ಣನೆ ಇನ್ನೊಂದನ್ನು ಹೋಲುವುದು ಅನಿವಾರ್ಯ. ಸೂತ್ರ ಯಾವುದು, ನಿರ್ದಿಷ್ಟ ವಿವರ ಯಾವುದು ಎಂದು ತಿಳಿಯದೆ ಸಾದೃಶ್ಯವನ್ನು ಅಳೆಯಲಾಗದು. ಪಾತ್ರಕ್ಕೆ ಪ್ರತ್ಯೇಕ ಹೆಸರಿದ್ದರಷ್ಟೇ ‘ನಾನು’ ಕಲ್ಪಿತವೆಂದು ಒಪ್ಪುವ ಓದು 1995ರ ಸಂಕಲನವನ್ನು ತಪ್ಪೊಪ್ಪಿಗೆಯನ್ನಾಗಿಯೂ 2013ರದನ್ನು ಕಥೆಯನ್ನಾಗಿಯೂ ವಿಂಗಡಿಸೀತು. ಎರಡರ ಪದರಚನೆಯೂ ಆ ವಿಂಗಡಣೆಯನ್ನು ಸಮರ್ಥಿಸುವುದಿಲ್ಲ.