ನಾಲ್ಕನೇ ಚೆಂಡಿನ ಲೆಕ್ಕ

ಎಯ್ಟ್‌ಬಾಲ್ ಪೂಲ್‌ನಲ್ಲಿ ಆಟ ತೆರೆಯುವ ಹೊಡೆತವೇ ಬ್ರೇಕ್. ಹದಿನೈದು ಚೆಂಡುಗಳ ತ್ರಿಕೋನವನ್ನು ಬಲವಾಗಿ ಒಡೆದು, ಒಂದನ್ನಾದರೂ ಪಾಕೆಟ್‌ಗೆ ಇಳಿಸಿ, ಸರದಿ ತನ್ನಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ರೂಢಿ. ರಕ್ಷಣಾತ್ಮಕ ಬ್ರೇಕ್‌ನ ಉದ್ದೇಶ ಬೇರೆ. ನಿಯಮ ಕೇಳಿದಷ್ಟೇ ಗುಂಪನ್ನು ಸಡಿಲಿಸಿ, ಬಿಳಿ ಚೆಂಡನ್ನು ದೂರದ ಕುಶನ್ನಿಗೆ ಒಯ್ದು ನಿಲ್ಲಿಸಿ, ಎದುರಾಳಿಗೆ ಸಲೀಸಾದ ಪಾಟ್ ಒಂದೂ ಸಿಗದಂತೆ ಸರದಿ ಬಿಟ್ಟುಕೊಡುವುದು ಅದರ ಕೆಲಸ. ನೋಡುವವರಿಗೆ ಸಪ್ಪೆ ಎನಿಸಬಹುದು. ಆದರೆ ಹೇಡಿಯ ಆಟ ಎಂದು ಅದನ್ನು ತಳ್ಳಿಹಾಕುವವರು ಸಾಮಾನ್ಯವಾಗಿ ಅದನ್ನು ಸರಿಯಾಗಿ ಆಡಲು ಬಾರದವರು.

ಕರ್ನಾಟಕದಲ್ಲಿ ಈ ಹೊಡೆತಕ್ಕೆ ಬೇಕಾದ ಕೈ ಪಳಗಿರುವುದು ಸ್ನೂಕರ್ ಟೇಬಲ್ ಮೇಲೆ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ಮೆಸ್‌ನಲ್ಲಿ ಹುಟ್ಟಿದ ಸ್ನೂಕರ್, 1882ರ ಹೊತ್ತಿಗೆ ಕರ್ನಾಟಕದ ನೆರೆಯ ಊಟಿಯ ಕ್ಲಬ್ಬಿನಲ್ಲಿ ತನ್ನ ನಿಯಮಗಳನ್ನು ಪಡೆಯಿತು. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್‌ಗಳಲ್ಲಿ ಕಲಿತ ಆಟಗಾರರಿಗೆ ಬ್ರೇಕ್ ಎಂದರೆ ಮೊದಲಿನಿಂದಲೂ ಸೇಫ್ಟಿಯೇ, ಅಂದರೆ ಎದುರಾಳಿಗೆ ಸಲೀಸಾದ ಪಾಟ್ ಬಿಡದ ಹೊಡೆತವೇ. ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ ಸಾವೂರ್ ಅವರ ಗರಡಿಯಲ್ಲಿ ಬೆಳೆದು 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಆಗಲಿ, 2017ರ ವಿಶ್ವ ಮಹಿಳಾ ಸ್ನೂಕರ್ ಫೈನಲ್‌ನಲ್ಲಿ 5–6ರ ಅಂತರದಲ್ಲಿ ಸೋತ ವಿದ್ಯಾ ಪಿಳ್ಳೈ ಆಗಲಿ, ಫ್ರೇಮ್ ತೆರೆಯುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ. ಬಲತುದಿಯ ಕೆಂಪು ಚೆಂಡನ್ನು ಕಾಲುಭಾಗ ಸವರಿದಂತೆ ತಾಗಿಸಿ, ಬಿಳಿ ಚೆಂಡಿಗೆ ಬಲಗಡೆಯ ಸ್ಪಿನ್ ಕೊಟ್ಟರೆ, ಅದು ಮೇಲಿನ ಕುಶನ್, ಪಕ್ಕದ ಕುಶನ್ ಬಡಿದು ಟೇಬಲ್ ದಾಟಿ ಹಸಿರು ಚೆಂಡಿನ ಹಿಂದೆ ಬಂದು ನಿಲ್ಲುತ್ತದೆ.

ಗಬ್ಬೂರು, ದೇವದುರ್ಗ, ಮಾನ್ವಿಯಂಥ ಸಣ್ಣ ಊರುಗಳ ಹುಡುಗರ ಕೈಗೆ ಕ್ಯೂ ಸಿಗುವ ಮೊದಲೇ ಕೇರಂ ಸ್ಟ್ರೈಕರ್ ಸಿಕ್ಕಿರುತ್ತದೆ. ಕೇರಂನಲ್ಲೂ ಮೆಲ್ಲಗೆ ಒಡೆಯುವವರಿದ್ದಾರೆ. ಆದರೆ ಅಲ್ಲಿ ಒಡೆಯುವವನದು ಬಿಳಿ ಕಾಯಿ ಎಂದು ಮೊದಲೇ ಗೊತ್ತು. ತನ್ನ ಒಂಬತ್ತು ಕಾಯಿ ಯಾವ ಕಡೆ ಸರಿಯಬೇಕು ಎಂದು ಲೆಕ್ಕ ಹಾಕಿ ಒಡೆಯಬಹುದು. ಎಯ್ಟ್‌ಬಾಲ್‌ನಲ್ಲಿ ಬ್ರೇಕ್ ಆದ ಮೇಲೂ ಪೂರ್ತಿ ಬಣ್ಣದ ಸಾಲಿಡ್ ಯಾರದು, ಪಟ್ಟೆಯ ಸ್ಟ್ರೈಪ್ ಯಾರದು ಎಂಬುದು ತೀರ್ಮಾನವಾಗಿರುವುದಿಲ್ಲ. ಒಡೆದು ಬಿಟ್ಟ ಪ್ರತಿಯೊಂದು ಚೆಂಡೂ, ಎಂಟನೇದನ್ನು ಬಿಟ್ಟು, ಎದುರಾಳಿಯ ಆಯ್ಕೆಗೆ ತೆರೆದೇ ಇರುತ್ತದೆ.

ಇನ್ನೂ ದೊಡ್ಡ ವ್ಯತ್ಯಾಸ ನಿಯಮದಲ್ಲಿದೆ. ಸ್ನೂಕರ್‌ನಲ್ಲಿ ಒಂದು ಕೆಂಪು ಚೆಂಡಿಗೆ ಬಿಳಿ ತಾಗಿದರೆ ಸಾಕು, ಕೇರಂನಲ್ಲಿ ಸ್ಟ್ರೈಕರ್ ಕಾಯಿಗೆ ತಾಗಿದರೆ ಸಾಕು. ಮೆದು ಬ್ರೇಕ್ ಅಲ್ಲಿ ಬಿಟ್ಟಿ. ಎಯ್ಟ್‌ಬಾಲ್ ಅದಕ್ಕೆ ಬೆಲೆ ಕೇಳುತ್ತದೆ. ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿರುವ ನಿಯಮದ ಪ್ರಕಾರ ಚೆಂಡು ಪಾಕೆಟ್ ಆಗದಿದ್ದರೆ, ಬಿಳಿಯನ್ನು ಬಿಟ್ಟು ಕನಿಷ್ಠ ನಾಲ್ಕು ಚೆಂಡುಗಳು ಕುಶನ್ ಮುಟ್ಟಲೇಬೇಕು. ಮೂರೇ ಮುಟ್ಟಿದರೆ ಬ್ರೇಕ್ ಅಸಿಂಧು. ಆಗ ಎದುರಾಳಿ ಇದ್ದಂತೆಯೇ ಆಟ ಮುಂದುವರಿಸಬಹುದು, ಮತ್ತೆ ಚೆಂಡು ಜೋಡಿಸಿ ತಾನೇ ಒಡೆಯಬಹುದು, ಇಲ್ಲವೇ ತಪ್ಪಿದವನಿಂದಲೇ ಇನ್ನೊಮ್ಮೆ ಒಡೆಸಬಹುದು. ಜಾಣ ಎದುರಾಳಿ ಟೇಬಲ್ ತನಗೆ ಅನುಕೂಲವಾಗಿದ್ದರೆ ಮೊದಲನೆಯದನ್ನೂ, ಇಲ್ಲದಿದ್ದರೆ ಎರಡನೆಯದನ್ನೂ ಆರಿಸಿಕೊಳ್ಳುತ್ತಾನೆ. ಎರಡರಲ್ಲೂ ನಷ್ಟ ಒಡೆದವನಿಗೇ.

ಹಾಗಾಗಿ ಇಡೀ ಕಸುಬು ನಾಲ್ಕನೇ ಚೆಂಡಿನ ಮೇಲೆ ನಿಂತಿದೆ. ತ್ರಿಕೋನದ ಹಿಂದಿನ ಎರಡು ಮೂಲೆಯ ಚೆಂಡುಗಳಿಗೆ ಆಸರೆ ಕಡಿಮೆ. ಸಣ್ಣ ಪೆಟ್ಟಿಗೂ ಹಾರಿ ಕುಶನ್ ಮುಟ್ಟುತ್ತವೆ. 14.1 ಎಂಬ ಹಳೆಯ ಸ್ಟ್ರೇಟ್ ಪೂಲ್‌ನಲ್ಲಿ ಬಿಳಿಯ ಜೊತೆಗೆ ಎರಡು ಚೆಂಡು ಕುಶನ್ ಮುಟ್ಟಿದರೆ ಬ್ರೇಕ್ ಸಿಂಧು. ಆದ್ದರಿಂದ ಅಲ್ಲಿನವರು ಮೂಲೆಯ ಚೆಂಡನ್ನು ಸವರಿ, ಬಿಳಿಯನ್ನು ಮೂರು ಕುಶನ್ ಸುತ್ತಿಸಿ ವಾಪಸು ತರುತ್ತಾರೆ. ಗುಂಪು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದೇ ಹೊಡೆತವನ್ನು ಎಯ್ಟ್‌ಬಾಲ್‌ಗೆ ತಂದರೆ ಎರಡು ಚೆಂಡು ಕೊರತೆ ಬೀಳುತ್ತದೆ. ಅವೆರಡನ್ನು ಗುಂಪಿನ ಒಳಗಿನಿಂದ ಹೊರಡಿಸಬೇಕಾದರೆ ದಪ್ಪಗೆ ತಾಗಿಸಬೇಕು, ವೇಗ ಹೆಚ್ಚಿಸಬೇಕು. ವೇಗ ಹೆಚ್ಚಿದಷ್ಟೂ ಗುಂಪು ಬಿಚ್ಚುತ್ತದೆ, ಬಿಳಿಯ ಮೇಲಿನ ಹಿಡಿತ ಸಡಿಲುತ್ತದೆ. ಬಿಳಿ ಪಾಕೆಟ್‌ಗೆ ಬಿದ್ದರಂತೂ ಎದುರಾಳಿ ಅದನ್ನು ಬ್ರೇಕ್ ಗೆರೆಯ ಹಿಂದೆ ಬೇಕಾದಲ್ಲಿ ಇಟ್ಟುಕೊಂಡು ಆಡುತ್ತಾನೆ.

ಬಳಕೆಯಲ್ಲಿರುವ ದಾರಿ ಎರಡು. ಒಂದರಲ್ಲಿ ಬಿಳಿಯನ್ನು ಬ್ರೇಕ್ ಗೆರೆಯ ಮೇಲೆ ಬಲ ಕುಶನ್ನಿಗೆ ಹತ್ತಿರ ಇಟ್ಟು, ಆ ಬದಿಯ ಹಿಂಮೂಲೆ ಚೆಂಡಿಗೆ ಅರ್ಧದಷ್ಟು ತಾಗುವಂತೆ, ಬಲ ಸ್ಪಿನ್ ಸೇರಿಸಿ, ಮಧ್ಯಮ ವೇಗದಲ್ಲಿ ಹೊಡೆಯಬೇಕು. ಸರಿ ಬಂದರೆ ಬಿಳಿ ಬ್ರೇಕ್ ಗೆರೆಯ ಹಿಂದಿನ ಕುಶನ್ನಿಗೇ ಮರಳುತ್ತದೆ. ಇನ್ನೊಂದರಲ್ಲಿ ತುದಿಯ ಚೆಂಡಿಗೆ ನೇರವಾಗಿ, ಬಿಳಿಯ ನಡುವಿಗಿಂತ ಕೆಳಗೆ ಕ್ಯೂ ತಾಗಿಸಿ ಹೊಡೆಯುವುದು. ಇದರಲ್ಲಿ ನಾಲ್ಕು ಚೆಂಡು ಕುಶನ್ ಮುಟ್ಟುವುದು ಹೆಚ್ಚು ಖಾತ್ರಿ. ಆದರೆ ಹಿಂದಕ್ಕೆ ಎಳೆಯುವ ಸ್ಪಿನ್ ಕೈಕೊಟ್ಟರೆ ಬಿಳಿ ಟೇಬಲ್ ನಡುವೆಯೇ ನಿಂತು ಎದುರಾಳಿಗೆ ಆರೂ ಪಾಕೆಟ್ ಕಾಣುತ್ತವೆ. ಸ್ನೂಕರ್ ಕೈ ಇರುವವರಿಗೆ ಮೊದಲನೆಯದು, ಉಳಿದವರಿಗೆ ಎರಡನೆಯದು ಒಗ್ಗುತ್ತದೆ.

ಮೆದುವಾಗಿ ಒಡೆದದ್ದೆಲ್ಲ ರಕ್ಷಣೆಯಲ್ಲ. 2001ರ ಯುಎಸ್ ಓಪನ್ ನೈನ್‌ಬಾಲ್ ಗೆದ್ದ ಅಮೆರಿಕದ ಕೋರಿ ಡ್ಯುಯಲ್ ಮೆದು ಬ್ರೇಕ್‌ಗೆ ಹೆಸರಾದವರು. ಅವರ ಗುರಿ ಎದುರಾಳಿಯನ್ನು ಕಟ್ಟಿಹಾಕುವುದಲ್ಲ. ಒಂದು ಚೆಂಡನ್ನು ಪ್ರತಿ ಸಲವೂ ಅದೇ ಪಾಕೆಟ್‌ಗೆ ಇಳಿಸಿ ತಾವೇ ಆಡುತ್ತ ಹೋಗುವುದು. ಅದು ಅಪ್ಪಟ ದಾಳಿ.

ರಕ್ಷಣೆಯ ಪರವಾಗಿ ಬಲವಾದ ವಾದವೊಂದು ಇರುವುದು ಸಣ್ಣ ಊರಿನ ಪಾರ್ಲರ್‌ಗಳಲ್ಲಿ. ಎಷ್ಟೋ ಬ್ರೇಕ್ ಆಗಿ ತುದಿಯ ಚೆಂಡು ಕೂರುವ ಜಾಗದಲ್ಲಿ ಬಟ್ಟೆ ಸವೆದು ಗುಳಿ ಬಿದ್ದಿರುತ್ತದೆ, ಪ್ಲಾಸ್ಟಿಕ್ ತ್ರಿಕೋನ ಬಾಗಿರುತ್ತದೆ. ಎಷ್ಟು ಒತ್ತಿ ಜೋಡಿಸಿದರೂ ಚೆಂಡುಗಳ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಸಂದಿದ್ದರೆ ಪೆಟ್ಟಿನ ಬಲ ಹಿಂದಿನ ಸಾಲಿಗೆ ಪೂರ್ತಿ ತಲುಪುವುದಿಲ್ಲ. ತೋಳಿನ ಶಕ್ತಿಯನ್ನೆಲ್ಲ ಹಾಕಿದರೂ ಏನೂ ಬೀಳದೆ, ಅರ್ಧ ಬಿಚ್ಚಿದ ಗುಂಪು ಎದುರಾಳಿಯ ಪಾಲಾಗುತ್ತದೆ. ಇಂಥ ಟೇಬಲ್‌ನಲ್ಲಿ ಬಿಳಿಯನ್ನು ಹದ್ದುಬಸ್ತಿನಲ್ಲಿಡುವ ಬ್ರೇಕ್ ಲಾಭದ್ದು.

ಒಳ್ಳೆಯ ಬಟ್ಟೆ, ಬಿಗಿ ಜೋಡಣೆ ಇರುವ ಕಡೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಸೇಫ್ಟಿ ಬಲ್ಲ ಎದುರಾಳಿ ಸಿಕ್ಕರೆ, ಅವನು ಮುಚ್ಚಿಕೊಂಡ ಗುಂಪನ್ನು ಕಂಡು ಹೆದರುವುದಿಲ್ಲ. ತಾನೂ ಸೇಫ್ಟಿ ಎಂದು ಘೋಷಿಸಿ ಬಿಳಿಯನ್ನು ಇನ್ನಷ್ಟು ಕೆಟ್ಟ ಜಾಗದಲ್ಲಿ ಬಿಟ್ಟು ಸರದಿ ಹಿಂತಿರುಗಿಸುತ್ತಾನೆ. ಬ್ರೇಕ್ ಮಾಡಿದವನ ಮೇಲುಗೈ ಅಲ್ಲಿಗೆ ಮುಗಿಯಿತು. ಪಾಟ್ ಮಾಡುವುದರಲ್ಲಿ ಪಳಗಿ ಸೇಫ್ಟಿಯಲ್ಲಿ ತಾಳ್ಮೆ ಇಲ್ಲದ ಎದುರಾಳಿಯ ಮೇಲೆ ಮಾತ್ರ ಈ ಬ್ರೇಕ್ ನಿಜವಾಗಿ ಫಲ ಕೊಡುತ್ತದೆ.

ಎಷ್ಟೋ ಪಾರ್ಲರ್‌ಗಳಲ್ಲಿ ನಾಲ್ಕು ಚೆಂಡಿನ ನಿಯಮವನ್ನು ಯಾರೂ ಎಣಿಸುವುದಿಲ್ಲ. ಬ್ರೇಕ್‌ನಲ್ಲಿ ಎಂಟು ಬಿದ್ದರೆ ಗೆಲುವು ಎಂಬ ಊರಿನ ಕಟ್ಟಳೆಯೂ ಹಲವೆಡೆ ಉಂಟು. ಇವೆರಡನ್ನೂ ಚೆಂಡು ಜೋಡಿಸುವ ಮುಂಚೆಯೇ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು.