ಪೀಟರನ ಅಪ್ಪ ಎಲ್ಲಿ?

ಮಕ್ಕಳ ಪುಸ್ತಕದ ಮೊಲ ಅಂದ್ರೆ ನಮಗೆ ಥಟ್ಟನೆ ನೆನಪಾಗೋದು ಎರಡು. ಆಮೆಯ ಮುಂದೆ ಸೋತು ನಮಗೆ ನೀತಿ ಕಲಿಸುವ ಮೊಲ ಒಂದು, ಸಿಂಹವನ್ನು ಬಾವಿಗೆ ಹಾರಿಸಿದ ಪಂಚತಂತ್ರದ ಜಾಣ ಮೊಲ ಇನ್ನೊಂದು. ಮೂರನೆಯ ಮೊಲವೊಂದು ಈಚೆಗೆ ನನ್ನ ಸುಳ್ಳನ್ನು ಹಿಡಿದುಹಾಕಿತು. ಅದರ ಕಥೆ ಹೇಳ್ತೀನಿ.

ಪುಸ್ತಕ ಬಿಯಾಟ್ರಿಕ್ಸ್ ಪಾಟರ್ ಅವರ 'ದಿ ಟೇಲ್ ಆಫ್ ಪೀಟರ್ ರ‍್ಯಾಬಿಟ್'. 1893ರಲ್ಲಿ ಹುಷಾರಿಲ್ಲದೆ ಮಲಗಿದ್ದ ಐದು ವರ್ಷದ ಹುಡುಗನಿಗೆ ಬರೆದ ಚಿತ್ರಪತ್ರದಲ್ಲಿ ಹುಟ್ಟಿದ ಕಥೆ ಇದು. ಪ್ರಕಾಶಕರು ಒಲ್ಲೆ ಎಂದಾಗ ಆಕೆ 1901ರಲ್ಲಿ ತಾನೇ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ ಹೊರತಂದಿತು.

ತಂಗಿಯ ಆರು ವರ್ಷದ ಮಗಳಿಗೆ ಇದನ್ನು ಕನ್ನಡ ಮಾಡ್ಕೊಂಡು ಓದ್ತಿದ್ದೆ. ಶುರುವಿನಲ್ಲೇ ತಾಯಿಮೊಲ ಮಕ್ಕಳಿಗೆ ಎಚ್ಚರಿಕೆ ಹೇಳುತ್ತೆ: ಮೆಗ್ರೆಗರನ ತೋಟಕ್ಕೆ ಹೋಗಬೇಡಿ, ನಿಮ್ಮಪ್ಪನಿಗೆ ಅಲ್ಲೇ ಅಪಘಾತವಾಯ್ತು, ಮೆಗ್ರೆಗರನ ಹೆಂಡತಿ ಅವರನ್ನು ಪೈ ಮಾಡಿಬಿಟ್ಟಳು. ನಾನು ಆ ಮಾತನ್ನು ಹಾರಿಸಿಬಿಟ್ಟೆ. ಯಾಕಂದ್ರೆ ಈ ಮಗುವಿನ ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಎರಡು ಪುಟ ಆದಮೇಲೆ ಕೇಳಿದಳು: "ಮಾಮ, ಪೀಟರನ ಅಪ್ಪ ಎಲ್ಲಿ?"

"ಊರಿಗೆ ಹೋಗಿದಾರೆ ಪುಟ್ಟಿ."

"ಎಲ್ಲಾರೂ ಹಂಗೇ ಹೇಳ್ತೀರ," ಅಂದಳು.

ಮಾರನೇ ದಿನ ಬಿಟ್ಟಿದ್ದನ್ನು ಸೇರಿಸಿ ಮೊದಲಿಂದ ಓದಿದೆ. ಪೈಗೆ ಏನನ್ನಬೇಕೋ ತೋಚದೆ 'ಕಡುಬಿನೊಳಗೆ ಹಾಕಿಬಿಟ್ರು' ಅಂದೆ. ಅವಳು ಅಳಲಿಲ್ಲ. "ಗೊತ್ತಿದ್ದೂ ಪೀಟರ್ ಅಲ್ಲಿಗೆ ಯಾಕೆ ಹೋದ?" ಅಂತ ಕೇಳಿದಳು. ಈ ಪುಸ್ತಕದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ ಅಲ್ವೇ? ಆ ಮಾತು ಇಲ್ಲದಿದ್ರೆ ಇದು ತರಕಾರಿ ಕದ್ದ ತುಂಟ ಮೊಲದ ಕಥೆ ಅಷ್ಟೆ. ಅದು ಇದ್ದರೆ, ಅಪ್ಪ ಸತ್ತ ಜಾಗಕ್ಕೇ ನುಗ್ಗಿದ ಮಗನ ಕಥೆ.

ಪಾಟರ್ ಇದಕ್ಕೆ ಉತ್ತರ ಕೊಡೋದಿಲ್ಲ. ಅಪ್ಪನ ಸಾವನ್ನು ಒಂದೇ ಉಸಿರಿಗೆ ಹೇಳಿ ಮುಂದೆ ಹೋಗ್ತಾರೆ. ಪೀಟರ್ ಲೆಟಿಸ್, ಹುರುಳಿಕಾಯಿ, ಮೂಲಂಗಿ ತಿಂದು ಮೆಗ್ರೆಗರನ ಕಣ್ಣಿಗೆ ಬೀಳ್ತಾನೆ. ಓಡುವಾಗ ಒಂದು ಬೂಟು ಕೋಸಿನ ನಡುವೆ, ಇನ್ನೊಂದು ಆಲೂಗಡ್ಡೆ ಗಿಡಗಳ ನಡುವೆ ಉಳಿಯುತ್ತೆ. ಬೂಟು ಕಳಚಿದ ಮೇಲೆ ನಾಲ್ಕು ಕಾಲಲ್ಲಿ ಇನ್ನೂ ಜೋರಾಗಿ ಓಡ್ತಾನೆ! ಅವನನ್ನು ಬಲೆಗೆ ಸಿಕ್ಕಿಸೋದು ಹೊಸ ನೀಲಿ ಕೋಟಿನ ದೊಡ್ಡ ಗುಂಡಿಗಳು. ಕೋಟು ಬಿಟ್ಟ ಮೇಲೇ ಬಿಡುಗಡೆ. ಮನುಷ್ಯರ ವೇಷ ಕಳಚಿ ಬರೀ ಮೊಲ ಆದಾಗ ಮಾತ್ರ ಅವನು ಬದುಕಿಕೊಳ್ತಾನೆ. ಮೊಲ ಸಾಕಿ, ನೋಡಿ ನೋಡಿ ಚಿತ್ರ ಬರೆದವರಿಗಷ್ಟೇ ಇದು ಹೊಳೆಯೋಕೆ ಸಾಧ್ಯ.

ಪಂಚತಂತ್ರದ ಮೊಲ ನನಗೂ ಇಷ್ಟವೇ. ಆದ್ರೆ ಅದರ ಸರದಿ ಬರೋ ಮುಂಚೆ ದಿನಕ್ಕೊಂದರಂತೆ ಸಿಂಹದ ಬಾಯಿಗೆ ಹೋದವಲ್ಲ, ಅವು ಯಾರ ಅಪ್ಪ, ಯಾರ ಅಮ್ಮ? ನಾವು ಕೇಳೋದಿಲ್ಲ. ಸಿಂಹ ಬಾವಿಗೆ ಬಿತ್ತು, ಚಪ್ಪಾಳೆ. ಪೀಟರ್ ಗೆಲ್ಲೋದಿಲ್ಲ. ಅವನ ಕೋಟು, ಬೂಟು ತೋಟದಲ್ಲಿ ಬೆದರುಬೊಂಬೆಯಾಗಿ ನಿಲ್ಲುತ್ತವೆ. ಮೆಗ್ರೆಗರ್ ನಾಳೆಯೂ ಅಲ್ಲೇ ಇರ್ತಾನೆ. ಸುಸ್ತಾಗಿ ಬಂದ ಮಗನಿಗೆ ಅಮ್ಮ ಒಂದು ಚಮಚ ಕ್ಯಾಮೊಮೈಲ್ ಕಷಾಯ ಕೊಟ್ಟು ಮಲಗಿಸ್ತಾಳೆ.

ತಕರಾರು ಇಲ್ಲ ಅಂತಲ್ಲ. ಪೀಟರನ ಮೂವರು ಅಕ್ಕತಂಗಿಯರಿಗೆ ಇಲ್ಲಿ ಹಣ್ಣು ಆರಿಸೋದು, ಹೇಳಿದ ಮಾತು ಕೇಳೋದು ಬಿಟ್ರೆ ಬೇರೆ ಕೆಲಸವೇ ಇಲ್ಲ. "ಹುಡುಗೀರು ಯಾಕೆ ತೋಟಕ್ಕೆ ಹೋಗಲಿಲ್ಲ?" ಅಂತ ನಮ್ಮವಳೂ ಕೇಳಿದಳು.

ಮಕ್ಕಳ ಪುಸ್ತಕ ಓದಿ ಹೇಳುವಾಗ 'ಪಾಪ, ಮಗು' ಅಂತ ನಾವು ಕತ್ತರಿ ಆಡಿಸೋದು ಬಹಳ ಸಲ ನಮ್ಮ ಭಯಕ್ಕೇ. ಈ ಪುಸ್ತಕ ಓದಿಸೋದಾದ್ರೆ ಪೂರ್ತಿ ಓದಿ. ಈಗ ನಮ್ಮ ಮನೇಲಿ ಆ ಕಡುಬಿನ ಮಾತು ಬಿಡೋ ಹಾಗೇ ಇಲ್ಲ. ಬಿಟ್ರೆ ಅವಳೇ ಹೇಳ್ತಾಳೆ. ಮೊನ್ನೆ ಅದನ್ನು ಹೇಳಿ, ಪುಸ್ತಕ ಮುಚ್ಚಿಟ್ಟು, ತನ್ನ ಅಪ್ಪನ ವಿಷಯ ತಾನೇ ಶುರುಮಾಡಿದಳು. ತಂಗಿ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತಳು.